ಗುಡ್ಡದ ಓಣಿಗೆ ಸಾಗಹಾಕಿದ ಕಾಯುವಿಕೆ

ಕಾಯುವಿಕೆ ಎನ್ನುವುದು ಒಂದು ವಸ್ತು, ಅದನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಹಾಕಲು ಬರುತ್ತದೆ ಎಂದು ನಮ್ಮ ಯಜಮಾನರು ಕಂಡುಹಿಡಿದ ದಿನ ನಮ್ಮ ಅಡುಗೆಮನೆಯ ಛಾವಣಿಗೆಲ್ಲ ಶೇಂಗಾ ಚಟ್ನಿ ಮೆತ್ತಿಕೊಂಡಿತ್ತು. ವಿಜ್ಞಾನಕ್ಕೆ ನಮ್ಮ ಮನೆಯಿಂದ ಸಂದ ಮೊದಲ ಕಾಣಿಕೆ ಅದು.

ನಮ್ಮ ಯಜಮಾನರ ಹೆಸರು ಶಿವಯೋಗಿ ಬೆಣಕಲ್ಲ. ಮುದ್ದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಅವರ ಸ್ಕೂಟರು ಅವರಿಗಿಂತ ಹಳೆಯದಿರಬೇಕು. ಬೆಳಿಗ್ಗೆ ಅದನ್ನು ಒದ್ದು ಒದ್ದು ಎಬ್ಬಿಸುವಷ್ಟರಲ್ಲಿ ಓಣಿಯ ಮಕ್ಕಳೆಲ್ಲ ನಡೆದೇ ಶಾಲೆ ಮುಟ್ಟಿರುತ್ತಾರೆ. ಆ ದಿನ ಅವರು ಬಿಸ್ಕತ್ತಿನ ತಗಡು ಡಬ್ಬಿಯೊಂದರಲ್ಲಿ ತಾಮ್ರದ ಸುರುಳಿ, ಎರಡು ಸ್ಫಟಿಕ ಕೂರಿಸಿ, ಅದರಿಂದ ಹೊರಟ ಒಂದು ತಂತಿಯ ತುದಿಯ ಚಿಮಟವನ್ನು ಸ್ಕೂಟರಿಗೆ ಕಚ್ಚಿಸಿದ್ದರು. ಇನ್ನೊಂದು ಚಿಮಟವನ್ನು ಅಡುಗೆಮನೆಯ ಕಿಟಕಿಯೊಳಗಿಂದ ತಂದು ನನ್ನ ಮಿಕ್ಸಿಗೆ ಕಚ್ಚಿಸಿದ್ದರು. ನನಗೆ ಹೇಳಿರಲಿಲ್ಲ.

ಅವರು ಒಂದೇ ಒದೆತ ಒದ್ದರು. ಸ್ಕೂಟರು ತಟಕ್ಕನೆ ಶುರುವಾಯಿತು. ಅತ್ತ ಅವರು ಕುಣಿಯುತ್ತಿದ್ದಾಗ ಇತ್ತ ನಾನು ಮಿಕ್ಸಿಯ ಗುಂಡಿ ತಿರುಗಿಸಿದೆ. ಸದ್ದಿಲ್ಲ. ಕುಟ್ಟಿದೆ, ಬೈದೆ, ಕೊನೆಗೆ ಏನಾಗಿದೆಯೋ ನೋಡೋಣವೆಂದು ಮುಚ್ಚಳ ತೆಗೆದೆ. ಸ್ಕೂಟರಿನ ಪಾಲಿನ ಹೊತ್ತು ಮುಗಿದು ಮಿಕ್ಸಿ ಗರ್ರೆಂದು ತಿರುಗಿದ್ದು ಸರಿಯಾಗಿ ಆಗಲೇ.

"ಕಾಯೂದು ಎಲ್ಲೂ ಹೋಗೂದಿಲ್ಲ ದಾಕ್ಷಾಯಣಿ!" ಓಡಿಬಂದ ಯಜಮಾನರು ನನ್ನ ಹುಬ್ಬಿನ ಮೇಲಿನ ಚಟ್ನಿ ನೋಡಿಯೂ ನೋಡದವರಂತೆ ಹೇಳಿದರು. "ಶಾಖ ಹೆಂಗ ಹರಿತೈತಿ, ಇದೂ ಹಂಗ ಹರಿತೈತಿ. ಒಮ್ಮೆ ಹುಟ್ಟಿದ್ರ ಮುಗೀತು, ಅದನ್ನ ಕೊಲ್ಲಾಕ ಬರೂದಿಲ್ಲ. ಬ್ಯಾರೆ ಕಡೆ ಸಾಗಹಾಕಬಹುದು, ಅಷ್ಟ."

"ಹಂಗಾದ್ರ ಗ್ವಾಡಿಗೆ ಸಾಗಹಾಕಬೇಕಿತ್ತು. ನನ್ನ ಮಿಕ್ಸಿ ಏನ್ ಮಾಡಿತ್ತು?"

"ಗ್ವಾಡಿ ಏನರೆ ಶುರುವಾಗ್ತೈತೇನು? ಶುರುವಾಗೂ ವಸ್ತುವಿಗೆ ಅಷ್ಟ ಅದು ಹತ್ತತೈತಿ."

ಕೈಯಲ್ಲಿದ್ದ ಸೌಟನ್ನು ನಾನು ಕೆಳಗಿಟ್ಟೆ. ಹೆದರಿ ಇಟ್ಟದ್ದಲ್ಲ. ನನ್ನ ಆಫೀಸಿನಲ್ಲಿ ಇದಕ್ಕಿಂತ ದೊಡ್ಡ ಕಾಯುವಿಕೆಯೊಂದು ಬಿದ್ದುಕೊಂಡಿತ್ತು. ಅದು ನೆನಪಾಯಿತು.

ಮುದ್ದಾಪುರದ ನೀರು ಹಂಚಿಕೆ ಕೇಂದ್ರದಲ್ಲಿ ನಾನು ಆಪರೇಟರ್. ಕಬ್ಬಿಣದ ಕೀಲಿ ಹಿಡಿದು ಸೈಕಲ್ ಮೇಲೆ ತಿರುಗಿ ನೀರು ಬಿಡುತ್ತಿದ್ದ ಕಾಲ ಹೋಗಿ ಬಹಳ ದಿನವಾಯಿತು. ಈಗ ಊರಿನ ಎಲ್ಲ ವಾಲ್ವುಗಳನ್ನೂ ಒಂದೇ ಕಂಪ್ಯೂಟರು ತೆರೆದು ಮುಚ್ಚುತ್ತದೆ. ವಾರಕ್ಕೊಮ್ಮೆ ಒಂದೊಂದು ಓಣಿಗೆ ಒಂದೊಂದು ಪಾಳಿ. ತಗ್ಗಿನ ಓಣಿಗಳಿಗೆ ನೀರು ತಾನಾಗಿ ಇಳಿದು ಹೋಗುತ್ತದೆ. ಗುಡ್ಡದ ಓಣಿಗೆ ಮಾತ್ರ ದೊಡ್ಡ ಪಂಪು ಹಚ್ಚಿ ಏರಿಸಬೇಕು. ಆ ಪಂಪು ಒಮ್ಮೆ ಗುಡುಗಿತೆಂದರೆ ಕರೆಂಟು ಕಣ್ಣು ಮಿಟುಕಿಸುತ್ತದೆ. ಅಷ್ಟು ಸಾಕು, ಕಂಪ್ಯೂಟರು ನಂದಿಹೋಗುತ್ತದೆ. ಅದಕ್ಕೆಂದೇ ಕೊಟ್ಟಿದ್ದ ಬ್ಯಾಟರಿ ನಮ್ಮ ಆಫೀಸಿನ ಸಾಹೇಬರ ಕೋಣೆಯ ಫ್ಯಾನಿಗೆ ದುಡಿದು ದುಡಿದು ಸತ್ತು ಮೂರು ಬೇಸಿಗೆಯಾಯಿತು. ಕಂಪ್ಯೂಟರು ಪೂರ್ತಿ ಶುರುವಾಗುವ ತನಕ ವಾಲ್ವು ತೆರೆಯುವುದಿಲ್ಲ. ಅದು ಶುರುವಾಗಲು ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ನಮ್ಮ ಓಣಿಯ ಪಾಳಿ ಮುಗಿಯಲು ಬಂದಿರುತ್ತದೆ.

ಹೌದು, ನಮ್ಮ ಓಣಿ ಎಂದೆ. ಗುಡ್ಡದ ಓಣಿಯಲ್ಲೇ ನನ್ನ ಮನೆ.

ಮುಕ್ಕಾಲು ಗಂಟೆ ಯಾಕೆ ಎಂದು ಕೇಳಿದರೆ ಹೇಳಲು ನಾಚಿಕೆ. ನಮ್ಮಲ್ಲಿ ಹೊಸ ಸಾಹೇಬರು ಬಂದು ಅಧಿಕಾರ ವಹಿಸಿಕೊಂಡ ದಿನ ಕಂಪ್ಯೂಟರಿಗೆ ಪೂಜೆಯಾಗುತ್ತದೆ. ವಿಭೂತಿ, ಕುಂಕುಮ, ಊದುಬತ್ತಿ ಎಲ್ಲವೂ ಉಂಟು. ಕಾಯಿ ಮಾತ್ರ ಹೊರಗೆ ಒಡೆಯುತ್ತೇವೆ, ಅಷ್ಟು ವಿಜ್ಞಾನ ನಮಗೂ ಗೊತ್ತು. ಪೂಜೆ ಮುಗಿದ ಮೇಲೆ ಸಾಹೇಬರು ತಮ್ಮ ಮನೆದೇವರನ್ನು ಅದರೊಳಗೆ ಕೂರಿಸುತ್ತಾರೆ. ಅಂದರೆ ಕಂಪ್ಯೂಟರು ಶುರುವಾಗುವಾಗ ಆ ದೇವರ ಚಿತ್ರ ಪರದೆಯ ತುಂಬ ಬಂದು, ಗಂಟೆ ಬಾರಿಸಿ, ಆರತಿ ಪೂರ್ತಿಯಾದ ಮೇಲೇ ಮುಂದಿನ ಮಾತು. ನಡುವೆ ದಾಟಿ ಹೋಗಲು ಬರುವುದಿಲ್ಲ. ಸಾಹೇಬರಿಗೆ ವರ್ಷಕ್ಕೊಮ್ಮೆ ವರ್ಗವಾಗುತ್ತದೆ, ಅವರು ಗಂಟು ಮೂಟೆ ಕಟ್ಟಿಕೊಂಡು ಹೋಗುತ್ತಾರೆ, ದೇವರನ್ನು ಮಾತ್ರ ಬಿಟ್ಟು ಹೋಗುತ್ತಾರೆ. ಪುರವಂತರು ಆರ್ಭಟಿಸಿ ಹೇಳುವ ಒಡಪಿನ ಸಮೇತ ವೀರಭದ್ರ, ಬನಶಂಕರಿ, ಎಲ್ಲಮ್ಮ, ಇಬ್ಬರು ಹನುಮಪ್ಪಂದಿರು, ಒಂದು ದರ್ಗಾದ ದೀಪ ಎಲ್ಲ ಅಲ್ಲಿದ್ದಾರೆ. ದೇವರೇ ಇಲ್ಲ ಎನ್ನುವ ಸಾಹೇಬರೊಬ್ಬರು ಬಂದಾಗ ಇನ್ನು ಬದುಕಿದೆವು ಎಂದುಕೊಂಡೆ. ಅವರು ನಕ್ಷತ್ರಗಳು ಹುಟ್ಟುವ ಸಿನಿಮಾ ಹಾಕಿಸಿದರು. ಎಲ್ಲರಿಗಿಂತ ಉದ್ದ ಅದೇ.

ರಿಪೇರಿಯವನು ಬಂದು, ಇವನ್ನೆಲ್ಲ ತೆಗೆದರೆ ಕ್ಷಣದಲ್ಲಿ ಶುರುವಾಗುತ್ತದೆ ಎಂದ. "ತಗೀರಲ್ಲ ಮತ್ತ," ಎಂದರು ನಮ್ಮ ಈಗಿನ ಜಂಬಗಿ ಸಾಹೇಬರು. "ನಾ ಯಾಕ ತಗೀಲ್ರಿ? ನನಗೂ ಹೆಂಡ್ತಿ ಮಕ್ಕಳು ಅದಾರ," ಎಂದು ಅವನು ಚಹಾ ಕುಡಿದು ಹೋದ. ಕೈ ಹಚ್ಚಲು ನನಗೂ ಧೈರ್ಯವಿರಲಿಲ್ಲ. ಹೀಗೆ ದಿನ ನಡೆದಿತ್ತು.

ಆದರೆ ಓಣಿಯವರಿಗೆ ಇದೆಲ್ಲ ಏನು ಗೊತ್ತು? ನೀರು ಬಿಡುವವಳು ನಾನು, ಬಾರದಿದ್ದರೆ ಬಿಡದವಳೂ ನಾನೇ. ಅರಿಷಿಣ ಕುಂಕುಮಕ್ಕೆ ನನ್ನನ್ನು ಕರೆಯುವುದು ನಿಂತಿತು. ಪಕ್ಕದ ಮನೆಯ ಯಮನವ್ವ ಅಂಗಳ ಗುಡಿಸುತ್ತ, ನನಗೆ ಕೇಳಲೆಂದೇ, "ನೀರಿನ ಕೀಲಿ ಸೆರಗಿನಾಗ ಕಟ್ಟಿಕೊಂಡು ತಿರುಗತಾಳ, ತಾಯಿ!" ಎಂದು ಕಸಬರಿಗೆಗೆ ಹೇಳುತ್ತಿದ್ದಳು. ಎಷ್ಟೋ ವರ್ಷ ದಿನಾ ಬೆಳಿಗ್ಗೆ ನಾವಿಬ್ಬರೂ ಕಂಪೌಂಡಿನ ಗೋಡೆಗೆ ಒರಗಿ ಚಹಾ ಕುಡಿದವರು. ಅವಳ ಚಹಾದಲ್ಲಿ ಶುಂಠಿ ಹೆಚ್ಚು, ಸಕ್ಕರೆ ಇನ್ನೂ ಹೆಚ್ಚು. ಅದು ತಪ್ಪಿದ್ದಕ್ಕೆ ನನಗೆ ಬಹಳ ಸಂಕಟವಾಗಿತ್ತು.

ಅಂಥ ಹೊತ್ತಿನಲ್ಲೇ ಜಂಬಗಿ ಸಾಹೇಬರು ನನ್ನನ್ನು ಕರೆದು ಹೇಳಿದರು, "ಮ್ಯಾಲಿಂದ ಆರ್ಡರ್ ಬಂದೈತಿ ನೋಡ್ರಿ. ಮುಂದಿನ ಪಾಳಿಗೆ ಗುಡ್ಡದ ಓಣಿ ಕಡೀ ನಳಕ್ಕ ನೀರು ಏರಲಿಲ್ಲಂದ್ರ ಆ ಲೈನ್ ಕಾಯಂ ಬಂದ್. ನಾನ ಖುದ್ದು ನಳದ ಮುಂದ ಕುಂತು ನೋಡಿ ಸಹಿ ಮಾಡಬೇಕು."

"ಸಹಿ ಮಾಡಿದ ಮ್ಯಾಲೆ ನೀರು ಬಂದ್ರ?"

"ಸಹಿ ಬಿದ್ದ ಮ್ಯಾಲೆ ಬಿದ್ದಂಗ. ಅದನ್ನ ತಗಸಾಕ ನಿಮ್ಮ ಮೊಮ್ಮಕ್ಕಳು ಓಡಾಡಬೇಕಾಕೈತಿ."

ಹೀಗಾಗಿ ಶೇಂಗಾ ಚಟ್ನಿ ಹಾರಿಸಿದ ಡಬ್ಬಿ ನಮ್ಮ ಕಂಟ್ರೋಲ್ ರೂಮಿಗೆ ಬಂತು. ಯಜಮಾನರು ಕಾಲೇಜಿಗೆ ರಜೆ ಹಾಕಿ ಹಿಂದಿನ ಬಾಗಿಲಿನಿಂದ ಒಳಗೆ ಬಂದರು. ಮೊದಲ ಪ್ರಯೋಗಕ್ಕೆ ಒಂದು ಚಿಮಟವನ್ನು ಕಂಪ್ಯೂಟರಿಗೂ ಇನ್ನೊಂದನ್ನು ಸಾಹೇಬರ ಫ್ಯಾನಿಗೂ ಹಚ್ಚಿದೆವು. ಕಂಪ್ಯೂಟರು ರೆಪ್ಪೆ ಬಡಿಯುವಷ್ಟರಲ್ಲಿ ಎದ್ದು ಕೂತಿತು. ವೀರಭದ್ರನೂ ಅವನ ಒಡಪೂ ನಕ್ಷತ್ರಗಳೂ ಸರ್ರೆಂದು ಹಾಯ್ದುಹೋದವು. ಸಾಹೇಬರು ಮಾತ್ರ ಫ್ಯಾನಿನ ಕೆಳಗೆ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಊಟದ ತನಕ ಕೂತರು.

ಎರಡನೆಯ ಸಲ ಸಭೆ ಇತ್ತು. ಚಿಮಟವನ್ನು ಮೈಕಿಗೆ ಹಚ್ಚಿದೆವು. ಮೈಕು ತಡವಾದೀತು ಎಂದು ನಮ್ಮ ಎಣಿಕೆ. ಆದರೆ ಸಾಹೇಬರು ಮೈಕನ್ನು ಕೈಯಲ್ಲಿ ಹಿಡಿದಿದ್ದರು, ಮತ್ತು ಭಾಷಣವೂ ಶುರುವಾಗುವ ವಸ್ತುವೇ. "ಮಾನ್ಯರೇ" ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಮುಕ್ಕಾಲು ಗಂಟೆ ನಾವೆಲ್ಲ ಅವರ ಮುಖ ನೋಡುತ್ತ ಗೌರವದಿಂದ ಕೂತೆವು. ಹಾಜರಿ ಪುಸ್ತಕ ಬರೆಯುವವಳು ಸ್ವೆಟರಿನ ಒಂದು ತೋಳು ಮುಗಿಸಿದಳು. ಇಷ್ಟು ಒಳ್ಳೆಯ ಸಭೆ ಹಿಂದೆಂದೂ ಆಗಿರಲಿಲ್ಲ ಎಂದು ಎಲ್ಲರೂ ಒಪ್ಪಿದರು.

"ಮನಷ್ಯಾರಿಗೂ ಹತ್ತತೈತಿ ಅಂತಾತು," ಎಂದು ಯಜಮಾನರು ಗಡ್ಡ ಕೆರೆದುಕೊಂಡರು.

ಪಾಳಿಯ ದಿನಕ್ಕೆ ಎಲ್ಲಿಗೆ ಹಚ್ಚುವುದು ಎಂಬ ಯೋಚನೆ ಬಂತು. ಉಪಾಯ ಹೇಳಿದವಳು ನಾನೇ. "ನಮ್ಮ ಓಣಿಯ ಪೈಪಿಗೆ ಹಚ್ರಿ. ಕಬ್ಬಿಣದ ಪೈಪು, ಕಡೀ ನಳದ ತನಕ ಹೋಗ್ತೈತಿ. ಅಲ್ಲಿ ಪಾಳಿಗೆ ನಿಂತವರು ಕೊಡ ಮುಂದಿಟ್ಟರು ಹಿಂದಿಟ್ಟರು ಅಂತ ಜಗಳಾ ಶುರು ಮಾಡ್ತಾರಲ್ಲ, ಆ ಜಗಳಕ್ಕ ಹತ್ತಲಿ. ಮುಕ್ಕಾಲು ತಾಸು ತಡಾ ಆದ್ರ ನೀರು ತುಂಬಿಕೊಂಡು ಮನಿಗೆ ಹೋಗಿರ್ತಾರ." ಯಜಮಾನರು ನನ್ನನ್ನು ನೋಡಿದ ನೋಟದಲ್ಲಿ ಮದುವೆಯಾದ ಹೊಸದರ ಮೆಚ್ಚುಗೆಯಿತ್ತು. ಬುದ್ಧಿವಂತಿಕೆ ನೆತ್ತಿಗೇರಿದರೆ ಎದುರಿಗಿರುವುದೇ ಕಾಣುವುದಿಲ್ಲ. ನಮ್ಮಿಬ್ಬರಿಗೂ ಕಾಣಲಿಲ್ಲ.

ಪಾಳಿಯ ದಿನ ಬಂತು. ಗುಡ್ಡದ ಮೇಲೆ, ಕಡೆಯ ನಳದ ಮುಂದೆ ಜಂಬಗಿ ಸಾಹೇಬರು ಮೇಜು ಕುರ್ಚಿ ಹಾಕಿಸಿಕೊಂಡು ಆರ್ಡರಿನ ಹಾಳೆ ಹರಡಿ ಕೂತರು. ಸುತ್ತ ಓಣಿಯ ಹೆಂಗಸರು, ಕೊಡಗಳು. ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ ನಾನು, ಯಜಮಾನರು ಮತ್ತು ಡಬ್ಬಿ.

ಪಂಪು ಹಚ್ಚಿದೆ. ಗುಡುಗಿತು. ಕರೆಂಟು ಕಣ್ಣು ಮಿಟುಕಿಸಿತು, ಕಂಪ್ಯೂಟರು ನಂದಿತು. ಯಜಮಾನರು ಒಂದು ಚಿಮಟ ಕಂಪ್ಯೂಟರಿಗೂ ಇನ್ನೊಂದು ಕಿಟಕಿಯಾಚೆಯ ಪೈಪಿಗೂ ಕಚ್ಚಿಸಿದರು. ಗುಂಡಿ ಒತ್ತಿದೆ. ಕಂಪ್ಯೂಟರು ತಟ್ಟನೆ ಎದ್ದಿತು. ವಾಲ್ವು ತೆರೆಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಸಾಹೇಬರ ಫೋನು ಬಂತು. "ಎಲ್ಲಿ ನೀರು?"

"ಬಿಟ್ಟೀನ್ರಿ ಸರ್, ವಾಲ್ವು ತೆರದೈತಿ."

"ನಳದಾಗ ಸೂಂ ಅನ್ನೂ ಸಪ್ಪಳಾನೂ ಇಲ್ಲ. ನಾ ಊಟಕ್ಕ ಹೋಗಬೇಕು. ಇನ್ನೊಂದೀಟು ನೋಡಿ ಸಹಿ ಮಾಡಾವ."

ಯಜಮಾನರು ಹಣೆ ಹಣೆ ಬಡಿದುಕೊಂಡರು. "ದಾಕ್ಷಾಯಣಿ, ಪೈಪಿನಾಗ ಜಗಳಕ್ಕಿಂತ ಮೊದಲ ಶುರುವಾಗೂದು ನೀರಲ್ಲೇನು! ಕಾಯೂದು ನೀರಿಗೇ ಹತ್ತೇತಿ!"

ಕಂಪ್ಯೂಟರಿನ ಮುಕ್ಕಾಲು ಗಂಟೆಯನ್ನು ನಾವು ಮುತುವರ್ಜಿಯಿಂದ ಕಿತ್ತು, ಅದನ್ನು ಬೇಡವೆನ್ನುತ್ತಿದ್ದ ಅದೇ ಓಣಿಗೆ ಕಳಿಸಿಕೊಟ್ಟಿದ್ದೆವು. ನನಗೆ ಅಳು ಬಂತು. ಯಜಮಾನರು ಡಬ್ಬಿ ಕಿತ್ತುಕೊಂಡು, "ನಳದಿಂದ ಅದನ್ನ ತಗದು ಬ್ಯಾರೆ ಯಾವುದಕ್ಕರೆ ಹಚ್ಚತೀನಿ," ಎನ್ನುತ್ತ ಗುಡ್ಡದ ಮೆಟ್ಟಿಲು ಹತ್ತಿ ಓಡಿದರು. ಅವರು ಆ ಕಡೆ ಹೋಗಿದ್ದೇ ತಡ, ಹರಿಯಲು ಒಲ್ಲೆನೆನ್ನುವ ನೀರನ್ನು ತಳ್ಳಿ ತಳ್ಳಿ ಪಂಪು ಉಬ್ಬಸಪಟ್ಟಿತು, ಕರೆಂಟು ಮತ್ತೆ ಕಣ್ಣು ಮಿಟುಕಿಸಿತು. ಕಂಪ್ಯೂಟರು ನಂದಿತು. ವಾಲ್ವು ಮುಚ್ಚಿಕೊಂಡಿತು. ಡಬ್ಬಿ ಗುಡ್ಡದ ಮೇಲಿತ್ತು.

ಆಗ ಬಾಗಿಲಲ್ಲಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡ ಯಮನವ್ವ ಕಾಣಿಸಿಕೊಂಡಳು.

"ಎಲ್ಲಿಟ್ಟೀ ನೀರಿನ ಕೀಲಿ? ಇವತ್ತ ನಿನ್ನ ಸೆರಗು ಜಾಡಿಸೇ ಹೋಗಾಕಿ ನಾ."

"ಯಮನವ್ವ, ಇಲ್ಲಿ ಬಾ. ನೀನ ನೋಡು ಕೀಲಿ," ಎಂದೆ. ಜಗಳವಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದೆ.

ವೀರಭದ್ರ ಬಂದ. ಯಮನವ್ವ ಗಾಬರಿಯಾಗಿ ಕೊಡ ಇಳಿಸಿ ಕೈ ಮುಗಿದಳು. ಒಡಪು ಮುಗಿಯುವವರೆಗೂ ಮುಗಿದ ಕೈ ಇಳಿಸಲಿಲ್ಲ. ಆಮೇಲೆ ನಕ್ಷತ್ರಗಳು ಹುಟ್ಟತೊಡಗಿದವು.

"ಇದ್ಯಾವ ದೇವರು?"

"ಇದು ದೇವರಿಲ್ಲ ಅನ್ನೋರ ದೇವರು."

"ಬಾಳ ಹೊತ್ತು ತಗೊಂತಾನಲ್ಲ! ಇದರ ಹಿಂದ ಇನ್ನ ಎಷ್ಟ ಮಂದಿ ಅದಾರ?"

"ಸಾಲು ಹಚ್ಚಿ ನಿಂತಾರ. ಎಲ್ಲಾರೂ ಬಂದು ಹೋದ ಮ್ಯಾಲೆ ನಮ್ಮ ಓಣಿಗೆ ನೀರು."

ಯಮನವ್ವ ಕೊಡವನ್ನು ಕಾಲಿನಿಂದ ಬದಿಗೆ ಸರಿಸಿದಳು. ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚುವಾಗ ಒತ್ತಿ ಹಿಡಿಯಬೇಕಾದ ಗುಂಡಿಯ ಮೇಲೆ ಬೆರಳಿಟ್ಟೆ. ಶುರುವಿಗೆ ಏನೇನು ಬರಬೇಕೆಂದು ತಿದ್ದುವ ಜಾಗ ಅದರಿಂದಲೇ ತೆರೆಯುವುದು. ರಿಪೇರಿಯವನು ಕೈ ಹಚ್ಚದೆ ಹೋದದ್ದು ಅಲ್ಲಿಗೇ.

ಯಮನವ್ವ ನನ್ನ ಮುಂಗೈ ಹಿಡಿದಳು. "ಏನ್ ಮಾಡಾಕಿ?"

"ಇವರನ್ನ ಇಲ್ಲಿಂದ ಎಬ್ಬಸಾಕಿ."

"ದೇವರನ್ನ ಎಬ್ಬಸ್ತೀ? ನೀರು ಹೋದ್ರ ಹೋಗ್ಲಿ ತಾಯಿ, ಓಣಿಗೆ ಏನರೆ ಆದ್ರ ಏನ್ ಮಾಡೂದು? ಕೈ ತಗಿ."

ಅವಳ ಹಿಡಿತ ಬಿಗಿಯಿತ್ತು. ಆ ಕೈ ನೋಡುತ್ತಿದ್ದಾಗ, ಆ ಕೈ ದಿನಾ ಬೆಳಿಗ್ಗೆ ಏನು ಮಾಡುತ್ತದೆ ಎನ್ನುವುದು ನೆನಪಿಗೆ ಬಂತು. ಹೊಸ್ತಿಲು ತೊಳೆದು, ರಂಗೋಲಿ ಹಾಕಿ, ಒಳಗೆ ಹೋಗಿ ದೇವರಕೋಣೆಯ ಜಗಲಿಯ ಮೇಲಿನ ದೇವರಿಗೆ ಹೂ ಏರಿಸುತ್ತದೆ.

"ಯಮನವ್ವ, ನಿನ್ನ ಮನ್ಯಾಗ ದೇವರು ಎಲ್ಲಿ ಕುಂತಾವ?"

"ಜಗಲಿ ಮ್ಯಾಲೆ. ಮತ್ತೆಲ್ಲಿ ಕುಂದರ್ತಾವ?"

"ನಮ್ಮ ಸಾಹೇಬ್ರು ಎಲ್ಲಾರನ್ನೂ ಹೊಸ್ತಿಲದಾಗ ನಿಂದರ್ಸಿ ಹೋಗ್ಯಾರ. ವರ್ಷಾನಗಟ್ಲೆ ನಿಂತಾರ ಪಾಪ. ದಾಟಿ ಒಳಗ ಹೋಗೂದು ಹೆಂಗ? ನಾ ಅವರನ್ನ ಹೊರಗ ಹಾಕಾಕಿ ಅಲ್ಲ, ಒಳಗ ಕರ್ಯಾಕಿ."

 ಯಮನವ್ವ ನನ್ನ ಕೈ ಬಿಟ್ಟು, ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಪರದೆಯ ಮೂಲೆಗೆ ಬೊಟ್ಟಿಟ್ಟಳು. ನಾನು ಕಂಪ್ಯೂಟರಿನೊಳಗೆ ಹೊಸ ಜಾಗವೊಂದನ್ನು ಮಾಡಿ ಅದಕ್ಕೆ "ಜಗಲಿ" ಎಂದು ಹೆಸರಿಟ್ಟೆ. ಒಬ್ಬೊಬ್ಬರನ್ನೇ ಅಲ್ಲಿಗೆ ಸರಿಸುತ್ತ ಹೋದೆ.

"ಬಾರಪ್ಪ ವೀರಭದ್ರ, ಒಳಗ ಬಾ. ಬಾರವ್ವ ಬನಶಂಕರಿ. ಹನುಮಪ್ಪ, ನೀನೂ ಬಾ, ನಿನ್ನ ಜೋಡಿ ಇನ್ನೊಬ್ಬವನೂ ಬರ್ಲಿ," ಎಂದು ಯಮನವ್ವ ಪ್ರತಿಯೊಬ್ಬರಿಗೂ ಕರೆ ಕೊಟ್ಟಳು. ಎಲ್ಲಮ್ಮ ಬಂದಳು, ದರ್ಗಾದ ದೀಪ ಬಂತು. ಕೊನೆಗೆ ನಕ್ಷತ್ರಗಳು ಉಳಿದವು.

"ಇದನ್ನ ಏನ್ ಮಾಡೂಣು?"

"ಅದೂ ಇರ್ಲಿ ಬಿಡು, ಮೂಲ್ಯಾಗ. ಇಷ್ಟ ದಿನ ನಿಂತೈತಿ."

ಕಂಪ್ಯೂಟರನ್ನು ಮತ್ತೆ ಹಚ್ಚಿದೆ. ಡಬ್ಬಿಯಿಲ್ಲ, ಚಿಮಟವಿಲ್ಲ. ಕೈ ತೆಗೆಯುವಷ್ಟರಲ್ಲಿ ಎದ್ದು ಕೂತಿತು. ವಾಲ್ವು ತೆರೆಯಿತು. ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು.

ಮೇಲೆ ಹೋಗಿ ನೋಡಿದರೆ ಕಡೆಯ ನಳದಲ್ಲಿ ನೀರು ಧೋ ಎಂದು ಬೀಳುತ್ತಿತ್ತು! ಇಂಥ ನೀರನ್ನು ನಮ್ಮ ಓಣಿ ಕಂಡೇ ಇರಲಿಲ್ಲ. ಹೆಂಗಸರು ಕೊಡ, ಬಕೆಟ್ಟು, ಪರಾತ ಎಲ್ಲವನ್ನೂ ಒಡ್ಡುತ್ತಿದ್ದರು. ಅದರ ನಡುವೆ ಜಂಬಗಿ ಸಾಹೇಬರು ಪೆನ್ನು ಹಿಡಿದ ಬಲಗೈಯನ್ನು ಆರ್ಡರಿನ ಮೇಲೆ ಗೇಣೆತ್ತರಕ್ಕೆ ಎತ್ತಿಕೊಂಡು ಕೂತಿದ್ದರು.

"ಸಹಿ ಮಾಡಾಕ ಕೈ ಎತ್ತಿದ್ರು," ಎಂದರು ಯಜಮಾನರು ಮೆತ್ತಗೆ. "ಸಹಿನೂ ಶುರುವಾಗೂ ವಸ್ತುನ ಅಲ್ಲೇನು? ಒಂದ ಚಿಮಟ ನಳಕ್ಕ, ಇನ್ನೊಂದು ಅವರ ಕುರ್ಚಿಗೆ ಹಚ್ಚಿಬಿಟ್ಟೆ."

ಸಾಹೇಬರಿಗೆ ಬಾಯಿ ಇತ್ತು, ಕೈ ಮಾತ್ರ ಇರಲಿಲ್ಲ. "ದಾಕ್ಷಾಯಣಿ, ನೀರು ಬಂತು, ನಾನೂ ನೋಡಿದೆ. ಸಹಿ ಮಾಡೂ ಮನಸ್ಸಿಲ್ಲ ನನಗ. ಆದ್ರ ಕೈ ಹಿಂದಕ್ಕ ಬರವಲ್ದು! ಇದೇನಾಗೇತಿ?"

ನನಗೆ ಮಿಕ್ಸಿ ನೆನಪಾಯಿತು. ಹೊತ್ತು ಮುಗಿದ ಕೂಡಲೇ ಈ ಕೈ ಯಾರನ್ನೂ ಕೇಳದೆ ಇಳಿಯುತ್ತದೆ. ಕೆಳಗೆ ಆರ್ಡರು ಇದೆ. ಸಹಿ ಬಿದ್ದ ಮೇಲೆ ಬಿದ್ದಂತೆ. "ಕಾಗದಾ ತಗೀರಿ!" ಎಂದು ಕೂಗಿದೆ. ಸರಕಾರಿ ಕಾಗದಕ್ಕೆ ಕೈ ಹಚ್ಚಲು ಯಾರೂ ಮುಂದೆ ಬರಲಿಲ್ಲ. ಯಜಮಾನರು ಒಂದು ಹೆಜ್ಜೆ ಮುಂದಿಟ್ಟು ಎರಡು ಹಿಂದಿಟ್ಟರು. ಸಾಹೇಬರ ಬೆರಳು ಸಣ್ಣಗೆ ಅದುರತೊಡಗಿತ್ತು.

ಯಮನವ್ವ ಅಷ್ಟರಲ್ಲಿ ಕೊಡ ತುಂಬಿಸಿದ್ದಳು. "ಗಡಿಬಿಡ್ಯಾಗ ಸಿಂಬಿ ಮರತು ಬಂದೀನಿ ನೋಡ್ರಿ," ಎನ್ನುತ್ತ ಸಾಹೇಬರ ಕೈ ಕೆಳಗಿನ ಆರ್ಡರನ್ನು ಎಳೆದು, ತಿರುಚಿ, ಸುತ್ತಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ತುಂಬಿದ ಕೊಡ ಏರಿಸಿದಳು. ಕೊಡದಿಂದ ತುಳುಕಿದ ನೀರು ಆರ್ಡರಿನಲ್ಲಿ ಇಂಗಿ, ನೀಲಿಯಾಗಿ ಅವಳ ಕಿವಿಯ ಹಿಂದೆ ಇಳಿಯಿತು.

ಸಾಹೇಬರ ಕೈ ಇಳಿಯಿತು. ಮೇಜಿನ ಹಲಗೆಯ ಮೇಲೆ "ಜಂಬಗಿ" ಎಂದು ದುಂಡಗೆ, ಅಡಿಗೆರೆ ಸಮೇತ ಸಹಿ ಬಿತ್ತು. ಅವರು ಅದನ್ನು ನೋಡಿ, ನಳ ನೋಡಿ, ಕೊಡ ಹೊತ್ತ ಯಮನವ್ವನನ್ನು ನೋಡಿ, "ನೀರು ಏರೇತಿ. ಲೈನ್ ಇರ್ಲಿ," ಎಂದು ಊಟಕ್ಕೆ ಹೋದರು.

ಸಂಜೆ ಮನೆಗೆ ಬಂದಾಗ ಕಾಲು ಸೋತಿತ್ತು. ಹಿತ್ತಲಲ್ಲಿ ಹಂಡೆ ತುಂಬಿತ್ತು, ತೊಟ್ಟಿ ತುಂಬಿತ್ತು, ಯಜಮಾನರು ಚಹಾದ ಲೋಟ ಸಹ ಬಿಡದೆ ಎಲ್ಲವನ್ನೂ ತುಂಬಿಟ್ಟಿದ್ದರು. ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದೆ. ಸ್ಕೂಟರನ್ನು ಇನ್ನು ಮೇಲೆ ಒದ್ದೇ ಎಬ್ಬಿಸಬೇಕು ಎಂದು ಹೇಳಿದ್ದಕ್ಕೆ ಅವರು ಮುಖ ಸಣ್ಣದು ಮಾಡಿಕೊಂಡರು.

ಅಷ್ಟರಲ್ಲಿ ಕಂಪೌಂಡಿನ ಗೋಡೆಯಾಚೆಯಿಂದ ದನಿ ಬಂತು. "ದಾಕ್ಷಾಯಣಿ, ಎಲ್ಲೂ ಹೋಗಬ್ಯಾಡ, ನಿಂದರು. ಚಹಾ ಇಟ್ಟೀನಿ. ಈಗರೆ ಒಲಿ ಹಚ್ಚೀನಿ, ಹೊತ್ತಾಕೈತಿ."

"ಆಗ್ಲಿ," ಎಂದೆ.

ಅಟ್ಟದ ಕಡೆ ನೋಡುತ್ತ ಯಜಮಾನರು ಕೇಳಿದರು, "ಅಷ್ಟರೊಳಗ ಬೇಕಂದ್ರ ಡಬ್ಬಿ ತಂದು..."

"ಮುಟ್ಟಿದ್ರ ನೋಡ್ರಿ!"

ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು. ನಾನು ಗೋಡೆಗೆ ಒರಗಿ ಚಹಾ ಕುದಿಯುವ ತನಕ ಕಾದೆ. ಆ ಕಾಯುವಿಕೆಯನ್ನು ಯಾರು ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ.